4 ಕೋಟಿ ಅಂಕಿಯ ಅವಿಭಾಜ್ಯ ಸಂಖ್ಯೆ: ಭಾಗಿಸಿ ನೋಡಿದವರು ಯಾರು?

ಮಲ್ಲೇಶ್ವರಂ_ಅಮ್ಮ

ಗಣಿತ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ಮಗಳು ಎಂಟನೇ ಕ್ಲಾಸು. ಈವರೆಗೆ ಸಿಕ್ಕಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯ ಬಗ್ಗೆ ಶಾಲೆಯ ಗಣಿತ ಸಂಘದಲ್ಲಿ ಐದು ನಿಮಿಷ ಮಾತಾಡಬೇಕಂತೆ. 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾದದ್ದು. 13,62,79,841 ಎರಡುಗಳನ್ನು ಒಟ್ಟಿಗೆ ಗುಣಿಸಿ 1 ಕಳೆದರೆ ಬರುವ ಸಂಖ್ಯೆ, ಅದರಲ್ಲಿ 4,10,24,320 ಅಂಕಿಗಳು. ಇಷ್ಟನ್ನು ಅವಳೇ ಬರೆದುಕೊಂಡಿದ್ದಾಳೆ. ಆಮೇಲೆ ನನ್ನನ್ನು ಕೇಳಿದಳು: 97 ಅವಿಭಾಜ್ಯ ಹೌದಾ ಅಂತ ನೋಡಲು 2, 3, 5, 7ರಿಂದ ಭಾಗಿಸು ಅಂತ ಪುಸ್ತಕದಲ್ಲಿದೆ, ಇದನ್ನು ಯಾರಮ್ಮಾ ಭಾಗಿಸಿ ನೋಡಿದರು, ಎಲ್ಲದರಿಂದಲೂ ನೋಡಿದರಾ? ನನ್ನ ಹತ್ತಿರ ಉತ್ತರ ಇಲ್ಲ.

ಕೋಡು_ಕಾಫಿ

ಯಾರೂ ನೋಡಿಲ್ಲ ಮೇಡಂ. ಹಾಗೆ ನೋಡಲು ಆಗುವುದೂ ಇಲ್ಲ. 97ರ ವರ್ಗಮೂಲ 10ರೊಳಗೇ ಇದೆ, ಅದಕ್ಕೆ 7ರವರೆಗೆ ನೋಡಿದರೆ ಸಾಕು. ಇದರ ವರ್ಗಮೂಲಕ್ಕೇ 2 ಕೋಟಿ ಚಿಲ್ಲರೆ ಅಂಕಿಗಳಿವೆ. ನಮಗೆ ಕಾಣುವಷ್ಟು ವಿಶ್ವದಲ್ಲಿ ಎಷ್ಟು ಪರಮಾಣು ಇವೆ ಅನ್ನುವ ಅಂದಾಜನ್ನು ಬರೆದರೂ 80 ಅಂಕಿ ಆಸುಪಾಸಿಗೆ ಮುಗಿಯುತ್ತದೆ. ಪರಮಾಣುವಿಗೊಂದು ಕಂಪ್ಯೂಟರ್ ಕೂರಿಸಿದರೂ ಭಾಗಾಕಾರದ ದಾರಿಯಲ್ಲಿ ಈ ಕೆಲಸ ಮುಗಿಯಲ್ಲ.

ನಿವೃತ್ತ_ಕ್ಯಾಷಿಯರ್

ಹಾಗಾದರೆ ಅವಿಭಾಜ್ಯ ಅಂತ ಯಾವ ಧೈರ್ಯದಲ್ಲಿ ಹೇಳಿದರು? ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ತಾಳೆ ನೋಡದ ಲೆಕ್ಕಕ್ಕೆ ಸಹಿ ಹಾಕಿದವನಲ್ಲ. ಕಂಪ್ಯೂಟರ್ ಹೇಳಿತು ಅಂದರೆ ನನಗೆ ಸಾಲದು.

ಗಣಿತದ_ಮೇಷ್ಟ್ರು

ಕ್ಯಾಷಿಯರ್ ಸರ್ ಕೇಳಿದ್ದು ಸರಿಯಾಗಿಯೇ ಇದೆ.

ಮೊದಲು ಒಂದು ವಿಷಯ. ಮನಸ್ಸಿಗೆ ಬಂದ 4 ಕೋಟಿ ಅಂಕಿ ಗೀಚಿ, ಇದು ಅವಿಭಾಜ್ಯ ಅಂತ ಸಾಧಿಸಿ ಕೊಡಿ ಎಂದರೆ ಇವತ್ತು ಪ್ರಪಂಚದಲ್ಲಿ ಯಾರಿಂದಲೂ ಆಗುವುದಿಲ್ಲ. ಭಾಜ್ಯ ಆಗಿದ್ದರೆ ಹೇಗೋ ಹಿಡಿಯಬಹುದು, ಅವಿಭಾಜ್ಯ ಅಂತ ಅನುಮಾನ ಉಳಿಯದಂತೆ ಸಾಧಿಸುವುದೇ ಕಷ್ಟ. ಯಾವುದೇ ವಿಶೇಷ ರೂಪ ಇಲ್ಲದ ಸಂಖ್ಯೆಗಳಲ್ಲಿ ಲಕ್ಷ ಅಂಕಿಯ ಹತ್ತಿರ ಬರುವಷ್ಟರಲ್ಲೇ ಈಗಿನ ವಿಧಾನಗಳಿಗೆ ಏದುಸಿರು ಬರುತ್ತದೆ. ಇದೊಂದು 4 ಕೋಟಿಯದ್ದು ಹೇಗೆ ಸಿಕ್ಕಿತು ಅಂದರೆ ಅದು 2ರ ಘಾತಕ್ಕಿಂತ ಸರಿಯಾಗಿ ಒಂದೇ ಒಂದು ಕಡಿಮೆ ಇದೆ. ಇಂಥವಕ್ಕೆ ಮೆರ್ಸೆನ್ ಸಂಖ್ಯೆ ಅಂತ ಹೆಸರು, 17ನೇ ಶತಮಾನದ ಫ್ರೆಂಚ್ ಪಾದ್ರಿ ಮಾರಿನ್ ಮೆರ್ಸೆನ್ ಹೆಸರಿನಲ್ಲಿ. ಈ ಒಂದು ರೂಪಕ್ಕೆ ಮಾತ್ರ ಒಪ್ಪುವ ಒಂದು ಪರೀಕ್ಷೆ ಇದೆ. ಲೂಕಾಸ್ ಎಂಬ ಫ್ರೆಂಚ್ ಗಣಿತಜ್ಞ 1870ರ ದಶಕದಲ್ಲಿ ಹುಡುಕಿದ್ದು, 1930ರ ಸುಮಾರಿಗೆ ಅಮೆರಿಕದ ಲೆಹ್ಮರ್ ಅದನ್ನು ಈಗಿನ ರೂಪಕ್ಕೆ ತಂದರು.

ವಿಧಾನ ಎಷ್ಟು ಸುಲಭ ಅಂದರೆ ಮಗಳು ಬೋರ್ಡ್ ಮೇಲೆ ಮಾಡಿ ತೋರಿಸಬಹುದು. 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆ, ಮತ್ತೆ ಶೇಷ. ಘಾತ ಎಷ್ಟಿದೆಯೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. ಕೊನೆಗೆ ಶೇಷ ಸೊನ್ನೆ ಬಂದರೆ ಅವಿಭಾಜ್ಯ. ಬರದಿದ್ದರೆ ಅಲ್ಲ. ನಡುವೆ "ಇರಬಹುದು" ಅನ್ನುವುದೇ ಇಲ್ಲ.

2^7−1 ಅಂದರೆ 127 ತೆಗೆದುಕೊಳ್ಳಿ. ಘಾತ 7, ಆದ್ದರಿಂದ ಐದು ಸಲ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಕಳೆದರೆ 194, ಶೇಷ 67. 67ರ ವರ್ಗ 4489, ಕಳೆದರೆ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319. ಅದು ಸರಿಯಾಗಿ 127ರ 97ರಷ್ಟು, ಶೇಷ ಸೊನ್ನೆ. ಮುಗಿಯಿತು, 127 ಅವಿಭಾಜ್ಯ. ಒಂದೇ ಒಂದು ಅಪವರ್ತನ ಹುಡುಕದೆ ಗೊತ್ತಾಯಿತು ನೋಡಿ.

ದೊಡ್ಡದಕ್ಕೂ ಇದೇ ಲೆಕ್ಕ. ಐದು ಸಲದ ಬದಲು 13,62,79,839 ಸಲ.

ಸುಮ್ನೆ_ಓದುಗ

ಒಂದು ಸಲಕ್ಕೆ 4 ಕೋಟಿ ಅಂಕಿಯ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು, ಆಮೇಲೆ 4 ಕೋಟಿ ಅಂಕಿಯದ್ದರಿಂದ ಭಾಗಿಸಬೇಕು. ಹೀಗೆ 13 ಕೋಟಿ ಸಲ. ಇದನ್ನೇ ಸುಲಭ ಅಂತೀರಾ ಮೇಷ್ಟ್ರೇ 😄

ಕೋಡು_ಕಾಫಿ

ಇಲ್ಲೇ ಮಜಾ ಇರುವುದು. ಭಾಗಾಕಾರ ಮಾಡುವುದೇ ಇಲ್ಲ!

ಕ್ಯಾಷಿಯರ್ ಸರ್‌ಗೆ 9ರಿಂದ ತಾಳೆ ನೋಡುವುದು ಗೊತ್ತೇ ಇರುತ್ತದೆ, ಅಂಕಿಗಳನ್ನು ಕೂಡಿದರೆ 9ರಿಂದ ಭಾಗಿಸಿದ ಶೇಷ ಸಿಗುತ್ತದೆ. 99ಕ್ಕೂ ಇದೇ, ಎರಡೆರಡು ಅಂಕಿ ಕೂಡಬೇಕು ಅಷ್ಟೆ. 4487ನ್ನು 99ರಿಂದ ಭಾಗಿಸಿದ ಶೇಷ ಬೇಕಾದರೆ 44 + 87 = 131, ಮತ್ತೆ 1 + 31 = 32. ಯಾಕೆ ಹೀಗೆ ಅಂದರೆ 99 ಎಂಬುದು 100ಕ್ಕಿಂತ ಒಂದು ಕಡಿಮೆ. ಮೆರ್ಸೆನ್ ಸಂಖ್ಯೆ 2ರ ಘಾತಕ್ಕಿಂತ ಒಂದು ಕಡಿಮೆ, ಕಂಪ್ಯೂಟರ್ ಲೆಕ್ಕ ಮಾಡುವುದೂ ಎರಡರ ಘಾತಗಳಲ್ಲೇ. ಹಾಗಾಗಿ ಸಂಖ್ಯೆಯನ್ನು ಮಧ್ಯಕ್ಕೆ ಕತ್ತರಿಸಿ, ಮೇಲಿನ ತುಂಡನ್ನು ಕೆಳಗಿನ ತುಂಡಿಗೆ ಕೂಡಿದರೆ ಶೇಷ ಸಿದ್ಧ. ಮೇಷ್ಟ್ರ 4487ನ್ನೇ ನೋಡಿ: ಅದು 128ರ 35ರಷ್ಟು ಮತ್ತು ಉಳಿದ 7. 35 + 7 = 42. ಮೇಲೆ ಬಂದ ಶೇಷವೂ 42. 12319 ಅಂದರೆ 128ರ 96ರಷ್ಟು ಮತ್ತು 31. ಕೂಡಿದರೆ 127, ಅಂದರೆ ಸೊನ್ನೆ.

ಉಳಿದದ್ದು ಗುಣಾಕಾರ. ಶಾಲೆಯ ವಿಧಾನದಲ್ಲಿ ಒಂದು ವರ್ಗಕ್ಕೆ 4 ಕೋಟಿ ಗುಣಿಸು 4 ಕೋಟಿ, ಅಂದರೆ ಸುಮಾರು 1,683 ಲಕ್ಷ ಕೋಟಿ ಪುಟ್ಟ ಪುಟ್ಟ ಗುಣಾಕಾರಗಳು. ಅದಕ್ಕೆ ಎಫ್‌ಎಫ್‌ಟಿ ಬಳಸುತ್ತಾರೆ. ಧ್ವನಿ, ಚಿತ್ರಗಳ ಸಂಸ್ಕರಣೆಗೆ ಇಂಜಿನಿಯರಿಂಗ್‌ನಲ್ಲಿ ಕಲಿಯುತ್ತೇವಲ್ಲ, ಅದೇ ಎಫ್‌ಎಫ್‌ಟಿ. ಸಂಖ್ಯೆಯ ಅಂಕಿಗಳನ್ನು ಒಂದು ಅಲೆ ಅಂದುಕೊಂಡು ಗುಣಿಸುವ ತಂತ್ರ. ಕೆಲಸ ಲಕ್ಷ ಪಟ್ಟಿಗೂ ಜಾಸ್ತಿ ಕಡಿಮೆಯಾಗುತ್ತದೆ, ಗ್ರಾಫಿಕ್ಸ್ ಕಾರ್ಡ್‌ಗೆ ಇದು ಹೇಳಿ ಮಾಡಿಸಿದ ಲೆಕ್ಕ.

ಎಸ್‌ಪಿ_ರೋಡ್_ಹುಡುಗ

ಗ್ರಾಫಿಕ್ಸ್ ಕಾರ್ಡ್ ಅಂದಿರಿ, ಬಂದೆ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರ್ಡ್ ಒಂದಿದೆ, ರಾತ್ರಿ ಸುಮ್ನೆ ಕೂತಿರುತ್ತದೆ. ಓಡಿಸಿದರೆ ನನಗೂ ಒಂದು ಸಿಗಬಹುದಾ? ದುಡ್ಡು ಕೊಡ್ತಾರಂತೆ ಅಲ್ವಾ ಗುರು?

ಕೋಡು_ಕಾಫಿ

ಗಿಂಪ್ಸ್ ಅಂತ ಒಂದು ಕೂಟ ಇದೆ, 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ್ದು. ಯಾರು ಬೇಕಾದರೂ ಸಾಫ್ಟ್‌ವೇರ್ ಇಳಿಸಿಕೊಂಡು ಒಂದು ಘಾತ ತೆಗೆದುಕೊಂಡು ಪರೀಕ್ಷೆ ಮಾಡಬಹುದು. ಈ ಸಲ ಸಿಕ್ಕಿದ್ದು ಲ್ಯೂಕ್ ಡ್ಯುರಾಂಟ್ ಎಂಬವರಿಗೆ, ಮೊದಲು ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾದಲ್ಲಿದ್ದವರು. ಆದರೆ ಅವರು ಮನೆಯ ಒಂದು ಕಾರ್ಡ್ ಓಡಿಸಿದ್ದಲ್ಲ. 17 ದೇಶಗಳ 24 ಡೇಟಾ ಸೆಂಟರ್ ವಲಯಗಳಲ್ಲಿ ಸಾವಿರಾರು ಕಾರ್ಡ್ ಬಳಸಿಕೊಂಡರು. 2024ರ ಅಕ್ಟೋಬರ್ 11ಕ್ಕೆ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಕಾರ್ಡ್ "ಬಹುಶಃ ಅವಿಭಾಜ್ಯ" ಅಂತ ಹೇಳಿತು. ಮರುದಿನ ಟೆಕ್ಸಾಸಿನ ಇನ್ನೊಂದು ಕಾರ್ಡ್ ಮೇಷ್ಟ್ರು ಹೇಳಿದ ಲೂಕಾಸ್–ಲೆಹ್ಮರ್ ಪರೀಕ್ಷೆ ಮುಗಿಸಿ ಖಚಿತ ಮಾಡಿತು.

ದುಡ್ಡು: ಗಿಂಪ್ಸ್ ಕೊಡುವುದು 3,000 ಡಾಲರ್. ದೊಡ್ಡ ಬಹುಮಾನ 1,50,000 ಡಾಲರ್, ಅದು 10 ಕೋಟಿ ಅಂಕಿ ದಾಟಿದವರಿಗೆ. ಅದಕ್ಕೆ ಘಾತ 33 ಕೋಟಿ ದಾಟಬೇಕು.

ಎಸ್‌ಪಿ_ರೋಡ್_ಹುಡುಗ

ಲೆಕ್ಕ ಹಾಕಿದೆ. 300 ವ್ಯಾಟ್ ಕಾರ್ಡ್ ಇಡೀ ದಿನ ಓಡಿದರೆ 7.2 ಯೂನಿಟ್. ತಿಂಗಳಿಗೆ 216. ಗೃಹಜ್ಯೋತಿಯ 200 ಯೂನಿಟ್ ಇದೊಂದರಲ್ಲೇ ದಾಟಿ ಪೂರ್ತಿ ಬಿಲ್ ಬರುತ್ತದೆ. ಅಪ್ಪ ಕಾರ್ಡ್ ಜೊತೆ ನನ್ನನ್ನೂ ಎಸ್‌ಪಿ ರೋಡಿಗೆ ಮಾರಿಬಿಡ್ತಾರೆ.

ನಿವೃತ್ತ_ಕ್ಯಾಷಿಯರ್

127ರದ್ದು ಹಾಳೆ ಮೇಲೆ ಮಾಡಿ ನೋಡಿದೆ, ಸೊನ್ನೆಯೇ ಬಂತು. ಸರಿ. ಆದರೆ 13 ಕೋಟಿ ಹೆಜ್ಜೆಯಲ್ಲಿ ಎಲ್ಲೋ ಒಂದು ಕಡೆ ಯಂತ್ರ ಒಂದಂಕಿ ಎಡವಿದರೆ? ನಮ್ಮಲ್ಲಿ ಒಂದು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಹತ್ತಾದರೂ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ.

ಗಣಿತದ_ಮೇಷ್ಟ್ರು

ಎಡವುತ್ತದೆ ಸರ್, ನಿಜವಾಗಿಯೂ ಎಡವುತ್ತದೆ. ಬಿಸಿ ಜಾಸ್ತಿಯಾದರೆ, ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದರೆ ಉತ್ತರ ಕೆಡುತ್ತದೆ. ಅದಕ್ಕೆ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆಯವರು ಬರೆದ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಮೊದಲಿನಿಂದ ಮತ್ತೆ ಮಾಡಿಸಿದ ಮೇಲೆಯೇ ಅಕ್ಟೋಬರ್ 21ಕ್ಕೆ ಘೋಷಿಸಿದರು. ಇನ್ನೊಂದು ಸಮಾಧಾನ: 13 ಕೋಟಿ ಹೆಜ್ಜೆ ಆದ ಮೇಲೆ 4 ಕೋಟಿ ಅಂಕಿಯೂ ಸೊನ್ನೆ ಬರಬೇಕು. ತಪ್ಪು ಲೆಕ್ಕದಿಂದ ಆಕಸ್ಮಿಕವಾಗಿ ಅಷ್ಟೂ ಸೊನ್ನೆ ಬರುವ ಸಂಭವ ಇಲ್ಲವೇ ಇಲ್ಲ ಅನ್ನಬಹುದು. ಅವಿಭಾಜ್ಯ ಆಗಿದ್ದನ್ನು "ಅಲ್ಲ" ಅಂತ ಕೈಬಿಡುವ ಅಪಾಯವೇ ದೊಡ್ಡದು.

ನೀವೇ ಒಂದು ತಾಳೆ ನೋಡಬಹುದು. ಈ ಸಂಖ್ಯೆಯ 4 ಕೋಟಿ ಅಂಕಿಗಳನ್ನೂ ಕೂಡುತ್ತಾ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡುತ್ತಾ ಒಂದೇ ಅಂಕಿಗೆ ಇಳಿಸಿದರೆ 4 ಬರಬೇಕು. ಕೂಡುವ ಅಗತ್ಯವೇ ಇಲ್ಲ. 2ರ ಘಾತಗಳನ್ನು 9ರಿಂದ ಭಾಗಿಸಿದ ಶೇಷ 2, 4, 8, 7, 5, 1 ಅಂತ ಆರಕ್ಕೊಮ್ಮೆ ಮರುಕಳಿಸುತ್ತದೆ. 13,62,79,841ನ್ನು 6ರಿಂದ ಭಾಗಿಸಿದರೆ ಶೇಷ 5. ಸಾಲಿನಲ್ಲಿ ಐದನೆಯದು 5. ಒಂದು ಕಳೆದರೆ 4.

ನಿವೃತ್ತ_ಕ್ಯಾಷಿಯರ್

ಇದು ಲೆಕ್ಕ ಅಂದರೆ.

ಮಲ್ಲೇಶ್ವರಂ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳ ಇನ್ನೊಂದು ಪ್ರಶ್ನೆ: 13,62,79,841 ಕೂಡ ಅವಿಭಾಜ್ಯವಂತೆ. ಹಾಗಾದರೆ ಅವಿಭಾಜ್ಯ ಘಾತ ಹಾಕಿದರೆ ಯಾವಾಗಲೂ ಅವಿಭಾಜ್ಯ ಬರುತ್ತದಾ? ಹಾಗಿದ್ದರೆ ಈ ದೊಡ್ಡ ಸಂಖ್ಯೆಯನ್ನೇ ಘಾತ ಮಾಡಿ ಇನ್ನೂ ದೊಡ್ಡದು ಹೇಳಬಹುದಲ್ಲ?

ಗಣಿತದ_ಮೇಷ್ಟ್ರು

ಭೇಷ್! ಅರ್ಧ ಸರಿ, ಆ ಅರ್ಧ ಚೆನ್ನಾಗಿದೆ.

ಘಾತ ಅವಿಭಾಜ್ಯ ಆಗಲೇಬೇಕು, ಇಲ್ಲದಿದ್ದರೆ ಸಂಖ್ಯೆ ಕೆಟ್ಟಿತು. ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ ಇವೆಲ್ಲ ಬರೀ 1ಗಳ ಸಾಲು. 127 ಅಂದರೆ 1111111, ಏಳು ಒಂದುಗಳು. ನಮ್ಮ ದೊಡ್ಡದು 13,62,79,841 ಒಂದುಗಳು, ನಡುವೆ ಒಂದೂ ಸೊನ್ನೆ ಇಲ್ಲ. ಈಗ 2^15−1 ತೆಗೆದುಕೊಳ್ಳಿ, ಹದಿನೈದು ಒಂದುಗಳು. ಮೂರು ಮೂರಾಗಿ ಬಿಡಿಸಿ ಬರೆದರೆ 111 111 111 111 111. ಪ್ರತಿ ಗುಂಪೂ 7, ಆದ್ದರಿಂದ ಇಡೀ ಸಂಖ್ಯೆ 7ರಿಂದ ಭಾಗವಾಗಲೇಬೇಕು. ಐದೈದಾಗಿ ಬಿಡಿಸಿದರೆ 31ರಿಂದಲೂ. 32767 = 7 × 31 × 151. ಸಾಲನ್ನು ಸಮ ಗುಂಪುಗಳಾಗಿ ಒಡೆಯಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಮಗಳು ಬೋರ್ಡ್ ಮೇಲೆ ಇದನ್ನೇ ಬರೆಯಲಿ, ಒಂದು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಆದರೆ ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಗ್ಯಾರಂಟಿ ಇಲ್ಲ. 11 ಅವಿಭಾಜ್ಯ, ಆದರೆ 2^11−1 = 2047 = 23 × 89. 100ರೊಳಗೆ 25 ಅವಿಭಾಜ್ಯ ಘಾತಗಳಿವೆ, ಅವುಗಳಲ್ಲಿ ಹತ್ತು ಮಾತ್ರ ಗೆದ್ದವು: 2, 3, 5, 7, 13, 17, 19, 31, 61, 89. ಮುಂದೆ ಹೋದ ಹಾಗೆ ಇನ್ನೂ ಅಪರೂಪ. ಈವರೆಗೆ ಒಟ್ಟು ಸಿಕ್ಕಿರುವುದೇ 52. ದೊಡ್ಡದನ್ನೇ ಘಾತ ಮಾಡಿದರೆ ಬರುವುದನ್ನು ಪರೀಕ್ಷಿಸಲು ಎಷ್ಟು ಹೆಜ್ಜೆ ಬೇಕು ಅಂತ ಕೇಳಿ ನೋಡಿ ಅವಳನ್ನು!

ಮೆರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟಿದ್ದರು, 257ರವರೆಗೆ ಯಾವ ಘಾತಗಳು ಸರಿ ಅಂತ. ಅದರಲ್ಲಿ 67 ಮತ್ತು 257 ಸೇರಿದ್ದು ತಪ್ಪು, 61, 89, 107 ಬಿಟ್ಟುಹೋಗಿದ್ದವು. 67ರ ಕಥೆಯನ್ನು ಅವಳು ಹೇಳಲೇಬೇಕು. 1876ರಲ್ಲೇ ಲೂಕಾಸ್ ತನ್ನ ವಿಧಾನದಲ್ಲಿ 2^67−1 ಅವಿಭಾಜ್ಯ ಅಲ್ಲ ಅಂತ ತೋರಿಸಿದ್ದ. ಅಲ್ಲ ಅಂತ ಗೊತ್ತು, ಆದರೆ ಯಾವುದರಿಂದ ಭಾಗವಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ! ಈ ಪರೀಕ್ಷೆಯ ವಿಚಿತ್ರ ಗುಣ ಇದು. 1903ರಲ್ಲಿ ಅಮೆರಿಕದ ಗಣಿತ ಸಭೆಯೊಂದರಲ್ಲಿ ಫ್ರಾಂಕ್ ಕೋಲ್ ಎದ್ದು ಬಂದು, ಒಂದು ಮಾತೂ ಆಡದೆ ಬೋರ್ಡಿನ ಒಂದು ಕಡೆ 2^67−1ನ್ನು ಲೆಕ್ಕ ಮಾಡಿ ಬರೆದರಂತೆ. ಇನ್ನೊಂದು ಕಡೆ 19,37,07,721ನ್ನು 761838257287ರಿಂದ ಕೈಯಲ್ಲೇ ಗುಣಿಸಿದರಂತೆ. ಎರಡೂ ಕಡೆ 147573952589676412927. ಹೋಗಿ ಕೂತುಕೊಂಡರು. ಸಭೆ ಚಪ್ಪಾಳೆ ತಟ್ಟಿತು ಅಂತ ಹೇಳುತ್ತಾರೆ.

ಕೋಡು_ಕಾಫಿ

ಇದಕ್ಕೆ ಒಂದು ಸೇರಿಸುತ್ತೇನೆ. ಈ ಸಂಖ್ಯೆಗಳಿಗೆ ಅಪವರ್ತನ ಇದ್ದರೂ ಎಲ್ಲೆಂದರಲ್ಲಿ ಇರುವುದಿಲ್ಲ. ಘಾತದ ಎರಡರಷ್ಟನ್ನು ಯಾವುದರಿಂದಲಾದರೂ ಗುಣಿಸಿ 1 ಕೂಡಿಸಿದ ರೂಪದಲ್ಲೇ ಇರಬೇಕು. 2047ಕ್ಕೆ ಘಾತ 11, ಎರಡರಷ್ಟು 22. 23 ಅಂದರೆ 22 + 1. 89 ಅಂದರೆ 22ರ ನಾಲ್ಕರಷ್ಟು, ಮತ್ತೆ 1. ಹಾಗಾಗಿ ಈ 4 ಕೋಟಿ ಅಂಕಿಯದ್ದಕ್ಕೆ 27 ಕೋಟಿಗಿಂತ ಚಿಕ್ಕ ಅಪವರ್ತನ ಇರಲು ಸಾಧ್ಯವೇ ಇಲ್ಲ ಅನ್ನುವುದು ಒಂದು ಲೆಕ್ಕವನ್ನೂ ಮಾಡದೆ ಮೊದಲೇ ಗೊತ್ತಿತ್ತು. ಇದೂ ಆ ರೂಪದ ಕೊಡುಗೆಯೇ.

ನಮ್ಮ ಸಾಫ್ಟ್‌ವೇರ್ ಜನರಿಗೆ ಒಂದು ಮೆರ್ಸೆನ್ ಅವಿಭಾಜ್ಯ ದಿನಾ ಕಣ್ಣಿಗೆ ಬೀಳುತ್ತದೆ: 2147483647. ಅದು 2^31−1, 32 ಬಿಟ್ ಇಂಟಿಜರ್‌ನ ಗರಿಷ್ಠ. ಆಯ್ಲರ್ 1772ರಲ್ಲೇ ಅವಿಭಾಜ್ಯ ಅಂತ ಸಾಧಿಸಿದ್ದು. ಹಳೆಯ ಸಿಸ್ಟಂಗಳು 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತವಲ್ಲ, ಆ ಎಣಿಕೆ ಈ ಸಂಖ್ಯೆಗೆ ಬಂದು ನಿಲ್ಲುವುದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮಂಗಳವಾರ. ಅರ್ಧ ಬೆಂಗಳೂರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿರುವ ಹೊತ್ತು.

ಸುಮ್ನೆ_ಓದುಗ

ಎಲ್ಲಾ ಸರಿ. ಉಪಯೋಗ ಏನು? ಬ್ಯಾಂಕ್ ಪಾಸ್‌ವರ್ಡ್, ಯುಪಿಐಗೆಲ್ಲ ಅವಿಭಾಜ್ಯ ಸಂಖ್ಯೆ ಬೇಕು ಅಂತ ಪ್ರತಿ ಸುದ್ದಿಯ ಕೊನೆಗೂ ಬರೆಯುತ್ತಾರೆ. ಇಷ್ಟು ದೊಡ್ಡದು ಸಿಕ್ಕಿದ ಮೇಲೆ ನಮ್ಮ ದುಡ್ಡು ಇನ್ನೂ ಭದ್ರ ಆಯಿತಾ?

ಕೋಡು_ಕಾಫಿ

ಒಂದು ಚೂರೂ ಇಲ್ಲ. ಹಾಗೆ ಬರೆಯುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಬೀಗಕ್ಕೆ ಬೇಕಾದದ್ದು ಸುಮಾರು 300 ಅಂಕಿಯ ಎರಡು ಅವಿಭಾಜ್ಯಗಳು, ಮತ್ತು ಅವು ಯಾರಿಗೂ ಗೊತ್ತಿರಬಾರದು. ಇದು ಇಡೀ ಪ್ರಪಂಚಕ್ಕೆ ಗೊತ್ತಿರುವ ಸಂಖ್ಯೆ, ಕಳ್ಳ ಮೊದಲು ಹಾಕಿ ನೋಡುವ ಬೀಗದ ಕೈ. 300 ಅಂಕಿಯವನ್ನು ಹುಡುಕುವುದು ಕಷ್ಟವೂ ಅಲ್ಲ. ಆ ಮಟ್ಟದಲ್ಲಿ ಸುಮಾರು 700 ಸಂಖ್ಯೆಗೆ ಒಂದು ಅವಿಭಾಜ್ಯ ಸಿಗುತ್ತದೆ, ಸಮಸಂಖ್ಯೆ ಬಿಟ್ಟರೆ 350ಕ್ಕೆ ಒಂದು. ನಿಮ್ಮ ಫೋನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕುತ್ತದೆ.

ರೂಪದ ಮಹಿಮೆ ಅಲ್ಲೂ ಇದೆ, ಅದು ಬೇರೆ ಸಂಖ್ಯೆಯಲ್ಲಿ. ವಾಟ್ಸಾಪ್ ಸಂದೇಶಗಳನ್ನು ಮುಚ್ಚುವ ಲೆಕ್ಕ 2^255−19 ಎಂಬ ಅವಿಭಾಜ್ಯದ ಮೇಲೆ ನಡೆಯುತ್ತದೆ, 77 ಅಂಕಿ ಅಷ್ಟೆ. ಡೇನಿಯಲ್ ಬರ್ನ್‌ಸ್ಟೀನ್ 2006ರಲ್ಲಿ ಪ್ರಕಟಿಸಿದ ವಿನ್ಯಾಸ. ಇಲ್ಲಿ ಅವಿಭಾಜ್ಯ ಗುಟ್ಟಲ್ಲ, ಗುಟ್ಟಿನ ಸಂಖ್ಯೆ ಬೇರೆ ಇರುತ್ತದೆ. ಈ ಅವಿಭಾಜ್ಯವನ್ನೇ ಯಾಕೆ ಆರಿಸಿದರು? 2ರ ಘಾತಕ್ಕೆ ತೀರಾ ಹತ್ತಿರ ಇರುವುದರಿಂದ ಭಾಗಾಕಾರ ತಪ್ಪುತ್ತದೆ. ಮೇಲಿನ ತುಂಡನ್ನು 19ರಿಂದ ಗುಣಿಸಿ ಕೆಳಗಿನದಕ್ಕೆ ಕೂಡಿದರೆ ಆಯಿತು. 35 + 7 ಮಾಡಿದೆವಲ್ಲ, ಅದೇ ಉಪಾಯ.

ಎಸ್‌ಪಿ_ರೋಡ್_ಹುಡುಗ

ಇನ್ನೊಂದು ಉಪಯೋಗ ನಮ್ಮ ಕಡೆಯಿಂದ. ಹೊಸ ಕಂಪ್ಯೂಟರ್ ಜೋಡಿಸಿದ ಮೇಲೆ ಪ್ರೈಮ್95 ಓಡಿಸಿ ಬಿಡುತ್ತೇವೆ, ಪ್ರೊಸೆಸರ್ ಬಿಸಿ ತಡೆಯುತ್ತದಾ, ಲೆಕ್ಕ ತಪ್ಪುತ್ತದಾ ಅಂತ ಗೊತ್ತಾಗುತ್ತದೆ. ಅದು ಗಿಂಪ್ಸ್‌ನದೇ ಸಾಫ್ಟ್‌ವೇರ್. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ಗಳ ಒಂದು ದೋಷ ಬಯಲಾದದ್ದು ಇದನ್ನು ಓಡಿಸುವಾಗಲೇ.

ಸುಮ್ನೆ_ಓದುಗ

ಅಂದರೆ ಮುಖ್ಯ ಉಪಯೋಗ ಏನೂ ಇಲ್ಲ ಅಂತ ಒಪ್ಪಿಕೊಂಡ ಹಾಗಾಯಿತು.

ಗಣಿತದ_ಮೇಷ್ಟ್ರು

ಇಲ್ಲ ಅಂತಲೇ ಇಟ್ಟುಕೊಳ್ಳಿ. ನನಗೇನೂ ಬೇಜಾರಿಲ್ಲ.

ಕಬ್ಬನ್_ಪಾರ್ಕ್_ವಾಕರ್

ನಮ್ಮ ಶಕುಂತಲಾ ದೇವಿ ಇದ್ದಿದ್ದರೆ ಈ 4 ಕೋಟಿ ಅಂಕಿಯನ್ನೂ ಬಾಯಲ್ಲೇ ಹೇಳಿಬಿಡುತ್ತಿದ್ದರು. ಬೆಂಗಳೂರಿನವರು, ಕಂಪ್ಯೂಟರ್ ಸೋಲಿಸಿದವರು!

ಗಣಿತದ_ಮೇಷ್ಟ್ರು

ಬಾಯಲ್ಲಿ ಹೇಳುವುದಾದರೆ ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಇಲ್ಲದೆ 475 ದಿನ ಬೇಕು ಸರ್.

ಆದರೆ ನೀವು ಹೆಸರು ತೆಗೆದದ್ದು ಒಳ್ಳೆಯದಾಯಿತು. 1977ರಲ್ಲಿ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಉತ್ತರ 546372891. ಅದ್ಭುತವೇ, ಅನುಮಾನ ಇಲ್ಲ. ಗಮನಿಸಿ, ಅಲ್ಲೂ ಆ ಸಂಖ್ಯೆ ಸರಿಯಾಗಿ ಒಂದು ಪೂರ್ಣ 23ನೇ ಘಾತ ಅಂತ ಮೊದಲೇ ಗೊತ್ತು. ಹಾಗಾಗಿ 201 ಅಂಕಿಯ ಸಂಖ್ಯೆಯಿಂದ 9 ಅಂಕಿ ಹೊರತೆಗೆದರೆ ಕೆಲಸ ಮುಗಿಯಿತು. ಮನಸ್ಸಿಗೆ ಬಂದ 201 ಅಂಕಿಯದ್ದನ್ನು ಕೊಟ್ಟು ಅಪವರ್ತನ ಹೇಳಿ ಎಂದಿದ್ದರೆ ಅದು ಬೇರೆಯೇ ಆಟ.

ನಮ್ಮ ದೊಡ್ಡ ಸಂಖ್ಯೆಯ ಎರಡು ತುದಿಗಳನ್ನು ನಾವೂ ಮನೆಯಲ್ಲೇ ಹೇಳಬಹುದು. ಮೊದಲ ಅಂಕಿಗಳಿಗೆ ಲಾಗರಿದಮ್. 2ರ ಲಾಗ್ 0.30103 ಅಂತ ಬಾಯಿಪಾಠ ಇರುತ್ತದಲ್ಲ, ಅದನ್ನು ಇನ್ನೂ ಕೆಲವು ಸ್ಥಾನದವರೆಗೆ ತೆಗೆದುಕೊಂಡು ಘಾತದಿಂದ ಗುಣಿಸಿದರೆ 41024319.9453 ಬರುತ್ತದೆ. ಪೂರ್ಣಾಂಕಕ್ಕೆ ಒಂದು ಸೇರಿಸಿದರೆ ಅಂಕಿಗಳ ಎಣಿಕೆ, 4,10,24,320. ದಶಮಾಂಶ ಭಾಗದಿಂದ ಮೊದಲ ಅಂಕಿಗಳು: 8816. ಕೊನೆಯ ತುದಿಗೆ ಶೇಷದ ಲೆಕ್ಕ. 2ರ ಘಾತಗಳ ಕೊನೆಯ ಮೂರಂಕಿ ನೂರು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ (ಮೊದಲ ಒಂದೆರಡು ಬಿಟ್ಟು). ಆದ್ದರಿಂದ ಘಾತದ ಕೊನೆಯ 41 ನೋಡಿದರೆ ಸಾಕು. 2ರ 41ನೇ ಘಾತ 552ರಲ್ಲಿ ಮುಗಿಯುತ್ತದೆ. ಒಂದು ಕಳೆದರೆ 551. ಅಂದರೆ ಈ ಸಂಖ್ಯೆ 8816ರಿಂದ ಶುರುವಾಗಿ 551ಕ್ಕೆ ಮುಗಿಯುತ್ತದೆ. ನಡುವಿನ 4 ಕೋಟಿ ಚಿಲ್ಲರೆ ಅಂಕಿಗೆ ಮಾತ್ರ ಕಂಪ್ಯೂಟರ್ ಬೇಕು.

ಹೆಬ್ಬಾಳದ_ಪಿಎಚ್‌ಡಿ

ತಡವಾಗಿ ಬಂದೆ. ಮೇಷ್ಟ್ರು ಮೇಲೆ "ಯಾರಿಂದಲೂ ಆಗುವುದಿಲ್ಲ" ಅಂದಿದ್ದಕ್ಕೆ ಒಂದು ತಿದ್ದುಪಡಿ. ಸಿದ್ಧಾಂತದಲ್ಲಿ ಆಗುತ್ತದೆ, ಅದನ್ನು ತೋರಿಸಿದವರೂ ನಮ್ಮವರೇ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಪರೀಕ್ಷೆ ಕೊಟ್ಟರು. ಯಾವ ರೂಪದ ಸಂಖ್ಯೆಯೇ ಆಗಲಿ, ಅವಿಭಾಜ್ಯವೋ ಅಲ್ಲವೋ ಅಂತ ಖಚಿತವಾಗಿ ಹೇಳಬಹುದು. ಅಂಕಿಗಳು ಹೆಚ್ಚಿದ ಹಾಗೆ ಸಮಯ ಸ್ಫೋಟಿಸುವುದಿಲ್ಲ, ಹದ್ದುಬಸ್ತಿನಲ್ಲೇ ಬೆಳೆಯುತ್ತದೆ. ಶತಮಾನಗಳ ಪ್ರಶ್ನೆಗೆ ಕೆಲವೇ ಪುಟಗಳ ಉತ್ತರ. ಕಯಾಲ್ ಆಮೇಲೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರಕ್ಕೆ ಬಂದರು.

ಆದರೆ ಓಡಿಸಿ ನೋಡಿದರೆ ಅದು ನಿಧಾನ. ಕೆಲವು ನೂರು ಅಂಕಿಗೇ ಬೇರೆ ವಿಧಾನಗಳು ಅದನ್ನು ಹಿಂದೆ ಹಾಕುತ್ತವೆ. ಹಾಗಾಗಿ ಮೇಷ್ಟ್ರ ಮಾತು ಆಚರಣೆಯಲ್ಲಿ ಸರಿಯೇ.

ಗೊತ್ತಿಲ್ಲದ ಸಂಗತಿಗಳನ್ನೂ ಮಗಳು ಹೇಳಲಿ, ಅವು ಜಾಸ್ತಿ ಸ್ವಾರಸ್ಯ. ಈ ಸಂಖ್ಯೆಯ ನಂತರದ ಅವಿಭಾಜ್ಯ ಯಾವುದು? ಯಾರಿಗೂ ಗೊತ್ತಿಲ್ಲ. ಇದೆ ಅನ್ನುವುದು ಗ್ಯಾರಂಟಿ, ಯೂಕ್ಲಿಡ್ ಕಾಲದಿಂದ ಗೊತ್ತು. ಈ ಮಟ್ಟದಲ್ಲಿ ಅವಿಭಾಜ್ಯಗಳ ನಡುವೆ ಸರಾಸರಿ 9 ಕೋಟಿ 44 ಲಕ್ಷ ಅಂತರ. ಪಕ್ಕದ ಸಂಖ್ಯೆಗಳಿಗೆ ಲೂಕಾಸ್–ಲೆಹ್ಮರ್ ಪರೀಕ್ಷೆ ಒಪ್ಪುವುದಿಲ್ಲ, ಹಾಗಾಗಿ ಎದುರಿಗೇ ಬಂದು ನಿಂತರೂ ಸಾಧಿಸಲು ನಮ್ಮ ಹತ್ತಿರ ಸಾಧನ ಇಲ್ಲ. ಇದಕ್ಕಿಂತ ಚಿಕ್ಕದಾದ, ಹಿಂದಿನ ದಾಖಲೆಗಿಂತ ದೊಡ್ಡದಾದ ಅವಿಭಾಜ್ಯಗಳು ಎಣಿಸಲಾರದಷ್ಟಿವೆ. 2018ರ ದಾಖಲೆ 2^82589933−1. ಅಲ್ಲಿಂದ ಇಲ್ಲಿಗೆ ಒಂದೇ ಜಿಗಿತ.

ಮೆರ್ಸೆನ್ ಅವಿಭಾಜ್ಯಗಳು ಅನಂತವಾಗಿವೆಯಾ ಅನ್ನುವುದೂ ಗೊತ್ತಿಲ್ಲ. ಇನ್ನೂ ತಮಾಷೆ ಅಂದರೆ, ಘಾತ ಅವಿಭಾಜ್ಯ ಆಗಿದ್ದೂ ಸೋಲುವ 2047 ಥರದವು ಅನಂತವಾಗಿವೆಯಾ ಅನ್ನುವುದಕ್ಕೂ ಸಾಧನೆ ಇಲ್ಲ. ಎರಡೂ ಹೌದು ಅಂತ ಎಲ್ಲರೂ ನಂಬುತ್ತಾರೆ, ಅಷ್ಟೆ. ಇದು 52ನೆಯದು ಅನ್ನುವಾಗಲೂ ಸ್ವಲ್ಪ ಹುಷಾರು, 52ನೆಯದಾಗಿ ಸಿಕ್ಕಿದ್ದು ಅನ್ನಬೇಕು. ನಡುವೆ ತಪ್ಪಿಸಿಕೊಂಡದ್ದು ಆಮೇಲೆ ಸಿಗಬಹುದು. 2008ರಲ್ಲಿ ಘಾತ 43112609 ಸಿಕ್ಕಿದ ಎರಡು ವಾರಕ್ಕೆ ಅದಕ್ಕಿಂತ ಚಿಕ್ಕದಾದ 37156667 ಸಿಕ್ಕಿತು.

ಕಬ್ಬನ್_ಪಾರ್ಕ್_ವಾಕರ್

ಬರೀ 1ಗಳ ಸಾಲು ಅಂದಿರಿ. ನಮ್ಮ ಮಾಮೂಲಿ ಹತ್ತರ ಲೆಕ್ಕದಲ್ಲಿ ಬರೀ 1 ಇರುವ ಅವಿಭಾಜ್ಯ ಇಲ್ಲವಾ?

ಗಣಿತದ_ಮೇಷ್ಟ್ರು

ಇವೆ, ತೀರಾ ಕಡಿಮೆ. 11 ಮೊದಲನೆಯದು. ಆಮೇಲೆ 19 ಒಂದುಗಳದ್ದು, 23ರದ್ದು, 317ರದ್ದು, 1031ರದ್ದು. ಗುಂಪು ಒಡೆಯುವ ನಿಯಮ ಇಲ್ಲೂ ಅದೇ, 111111 ಅಂದರೆ 111 × 1001.

ಬರೀ 1ಗಳ ಮೋಹ ನಮ್ಮ ಕಡೆ ಹಳೆಯದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಗುಣಲಬ್ಧ ಹಾರದ ಹಾಗೆ ಬರುವ ಲೆಕ್ಕಗಳಿವೆ. 152207 × 73 ಮಾಡಿ ನೋಡಿ, ಎಂಟು ಒಂದುಗಳು. 12345679 × 9 ಮಾಡಿದರೆ ಒಂಬತ್ತು. ಅವಿಭಾಜ್ಯದ ಹುಡುಕಾಟ ಅಲ್ಲ ಅದು, ಆದರೆ ಐದು ನಿಮಿಷದಲ್ಲಿ ಅರ್ಧ ನಿಮಿಷ ಇದಕ್ಕೂ ಇಟ್ಟರೆ ತರಗತಿ ಎದ್ದು ಕೂರುತ್ತದೆ.

ಮಲ್ಲೇಶ್ವರಂ_ಅಮ್ಮ

ಅವಳಿಗೆ ಪೂರ್ತಿ ಸಂಖ್ಯೆಯನ್ನು ಪ್ರಿಂಟ್ ಹಾಕಿಸಿ ತೋರಿಸುವ ಆಸೆ. ಎಷ್ಟಾಗಬಹುದು?

ಕೋಡು_ಕಾಫಿ

ಪುಟಕ್ಕೆ 3,000 ಅಂಕಿ ಹಿಡಿಸಿದರೂ 13,675 ಪುಟ. ಅವೆನ್ಯೂ ರೋಡಿನ ಜೆರಾಕ್ಸ್ ಅಂಗಡಿಯವರೂ ಕೈ ಮುಗಿಯುತ್ತಾರೆ. ಅಂಕಿಗಳ ಫೈಲ್ 41 ಎಂಬಿ, ಪೆನ್ ಡ್ರೈವ್‌ನಲ್ಲಿ ಹಾಕಿಕೊಡಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2**136279841 - 1 ಲೆಕ್ಕ ಮಾಡುವುದು ಕ್ಷಣದ ಕೆಲಸ, ಯಾಕೆಂದರೆ ಒಳಗೆ ಅದು ಬರೀ 1ಗಳು. ಹತ್ತರ ಅಂಕಿಗಳಿಗೆ ತಿರುಗಿಸುವುದೇ ನಿಧಾನ. ಹೊಸ ಆವೃತ್ತಿಗಳು 4,300 ಅಂಕಿ ದಾಟಿದರೆ ತಿರುಗಿಸುವುದೇ ಇಲ್ಲ ಅಂತ ಹಟ ಹಿಡಿಯುತ್ತವೆ, ಆ ಮಿತಿಯನ್ನು ಮೊದಲು ತೆಗೆಯಿರಿ.

ಎಸ್‌ಪಿ_ರೋಡ್_ಹುಡುಗ

ಒಂದು ಡೌಟು. 1 ಕಳೆಯುವ ಬದಲು 1 ಕೂಡಿಸಿದರೆ? 2ರ ಘಾತ ಪ್ಲಸ್ ಒಂದು?

ಹೆಬ್ಬಾಳದ_ಪಿಎಚ್‌ಡಿ

ಆಗ ಘಾತವೇ 2ರ ಘಾತ ಆಗಿರಬೇಕು. 3, 5, 17, 257, 65537, ಈ ಐದೇ ಈವರೆಗೆ ಸಿಕ್ಕಿರುವುದು. ಫರ್ಮಾ ಎಲ್ಲವೂ ಅವಿಭಾಜ್ಯ ಅಂದುಕೊಂಡಿದ್ದರು. ಮುಂದಿನದನ್ನೇ, ಅಂದರೆ 4294967297ನ್ನು, 641ರಿಂದ ಭಾಗಿಸಿ ನೋಡು. ಆಯ್ಲರ್ 1732ರಲ್ಲಿ ಮಾಡಿದ ಕೆಲಸ. ಬೇರೆ ಚರ್ಚೆ ಶುರು ಮಾಡು, ಅಲ್ಲಿಗೆ ಬರುತ್ತೇನೆ.